ಜನ ಅಂದ್ರೆ ಇಷ್ಟ ಅನ್ನುವವರಿಗೆ ಎಚ್‌ಆರ್ ಯಾಕೆ ಕಷ್ಟ

(ಶಿವಮೊಗ್ಗದಲ್ಲಿ ಸಮಾಜಕಾರ್ಯ ಮತ್ತು ಎಂಬಿಎ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಚ್‌ಆರ್ (ಮಾನವ ಸಂಪನ್ಮೂಲ) ಕೆಲಸಕ್ಕೆ ಜನ ಯಾಕೆ ಬರುತ್ತಾರೆ, ಬಂದವರು ಯಾಕೆ ಉಳಿಯುತ್ತಾರೆ ಅನ್ನುವ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ಹೇಳಿದರು. ನನ್ನ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಪ್ರಶ್ನೆ. ಯಾವ ಕಾರಣಕ್ಕೆ ಬಂದೆವೋ ಆ ಕಾರಣ ಎರಡು ಮೂರು ವರ್ಷದಲ್ಲಿ ಸವೆದುಹೋಗುತ್ತದೆ. ಆಮೇಲೂ ಬೆಳಗ್ಗೆ ಎದ್ದು, ಹಾಜರಿ ಸಂಬಳದ ಲೆಕ್ಕ ಇಡುವ ಅದೇ ಟೈಂ ಆಫೀಸಿಗೆ ಹೋಗುವುದಕ್ಕೆ ಇನ್ನೇನೋ ಬೇಕಾಗುತ್ತದೆ.

ಬರುವ ಕಾರಣಗಳನ್ನು ಬೇಗ ಮುಗಿಸಿಬಿಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಫೈನಾನ್ಸ್ ಅಂದರೆ ಲೆಕ್ಕ, ಮಾರ್ಕೆಟಿಂಗ್ ಅಂದರೆ ಬಿಸಿಲಲ್ಲಿ ಅಲೆದಾಟ, ಉಳಿದದ್ದು ಎಚ್‌ಆರ್ ಅಂತ ಬಂದವರು ಈ ಹಾಲ್‌ನಲ್ಲೂ ಒಂದಷ್ಟು ಜನ ಇದ್ದೀರಿ. ನಗಬೇಡಿ, ನಾನೂ ಹೆಚ್ಚೂಕಡಿಮೆ ಹಾಗೇ ಬಂದವನು. ಹೆಣ್ಣುಮಕ್ಕಳ ಮನೆಯಲ್ಲಿ "ಆಫೀಸಿನೊಳಗೆ ಕೂತು ಮಾಡೋ ಕೆಲಸ, ಹೊತ್ತಿಗೆ ಸರಿಯಾಗಿ ಮನೆಗೆ ಬರಬಹುದು" ಅನ್ನುತ್ತಾರೆ. ತಿಂಗಳ ಕೊನೆಗೆ ಸಂಬಳ ಹಾಕುವ ದಿನ ಅವರು ಒಮ್ಮೆ ಬಂದು ನೋಡಬೇಕು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಮಾಡಿದವರಲ್ಲಿ ಕೆಲವರು ಸಮಾಜಸೇವೆ ಮಾಡಬೇಕು ಅಂತ ಹೊರಟು, ಎನ್‌ಜಿಒ ಸಂಬಳ ನೋಡಿ, ಕಾರ್ಖಾನೆ ಕಡೆ ತಿರುಗಿದವರು. ಇದ್ಯಾವುದೂ ಕೀಳಾದ ಕಾರಣ ಅಂತ ನಾನು ಅಂದುಕೊಂಡಿಲ್ಲ. ಹೊಟ್ಟೆಪಾಡಿನ ದಾರಿ ಹೀಗೇ ಸಿಗುವುದು.

ಆದರೆ ಸಂದರ್ಶನದಲ್ಲಿ "ಎಚ್‌ಆರ್ ಯಾಕಪ್ಪಾ?" ಅಂತ ಕೇಳಿದರೆ ಇದನ್ನು ಯಾರೂ ಹೇಳುವುದಿಲ್ಲ. ಬರುವ ಉತ್ತರ ಒಂದೇ: "ನಂಗೆ ಜನ ಅಂದ್ರೆ ತುಂಬಾ ಇಷ್ಟ ಸರ್." ಇವತ್ತು ಈ ಉತ್ತರದ ಜೊತೆಗೇ ನನ್ನ ಜಗಳ.

ಜನ ಅಂದರೆ ಇಷ್ಟ ಇರುವವರು ಅಂದರೆ ಯಾರು? ನಾಲ್ಕು ಜನ ನನ್ನನ್ನು ಒಳ್ಳೆಯವನು ಅನ್ನಬೇಕು, ಯಾರ ಮುಖವೂ ಬಾಡಬಾರದು ಅನ್ನುವವರು. ಮದುವೆ ಮನೆಯಲ್ಲಿ ಇಂಥವರು ಬೇಕೇ ಬೇಕು. ಎಚ್‌ಆರ್ ಮೇಜಿನ ಹಿಂದೆ ಕೂತರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಒಬ್ಬ ಹುಡುಗ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ರಜೆ ಕೇಳುತ್ತಾನೆ. ರಜೆ ಲೆಕ್ಕ ಮುಗಿದಿದೆ. ಪಾಪ ಅನ್ನಿಸಿ ಕೊಡುತ್ತಾರೆ. ಮರುದಿನ ಇನ್ನೊಬ್ಬ ಬರುತ್ತಾನೆ, ಅವನ ಮನೆಯಲ್ಲೂ ಅಷ್ಟೇ ಕಷ್ಟ, ಆದರೆ ಅವನಿಗೆ ಅಳುವುದಕ್ಕೆ ಬರುವುದಿಲ್ಲ, ಬಾಯಿ ಸ್ವಲ್ಪ ಒರಟು. ಅವನಿಗೆ ಇಲ್ಲ. ಮೂರನೆಯ ದಿನಕ್ಕೆ ಶಾಪ್ ಫ್ಲೋರ್ ತುಂಬಾ ಒಂದೇ ಮಾತು: "ಮೇಡಂಗೆ ಬೇಕಾದೋರಿಗೆ ಒಂದು ನ್ಯಾಯ, ನಮಗೊಂದು ನ್ಯಾಯ."

ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಹೆಸರನ್ನು ನೀವು ಪರೀಕ್ಷೆಗೆ ಓದಿರುತ್ತೀರಿ. ಸಾಧನೆಯ ಹಂಬಲ, ಒಡನಾಟದ ಹಂಬಲ, ಅಧಿಕಾರದ ಹಂಬಲ ಅಂತ ಮೂರು ಬರೆದು ಐದು ಅಂಕ ತೆಗೆದುಕೊಂಡು ಮರೆತಿರುತ್ತೀರಿ. 1960ರ ದಶಕದಲ್ಲಿ ಈ ಮನುಷ್ಯ ನಮ್ಮ ಪಕ್ಕದ ಆಂಧ್ರದ ಕಾಕಿನಾಡಕ್ಕೆ ಬಂದು ಅಲ್ಲಿನ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿಯ ಪ್ರಯೋಗ ಮಾಡಿದ್ದ. ಆಮೇಲೆ 1976ರಲ್ಲಿ ಡೇವಿಡ್ ಬರ್ನ್‌ಹ್ಯಾಮ್ ಜೊತೆ ಸೇರಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದ. ಒಳ್ಳೆಯ ಮ್ಯಾನೇಜರುಗಳಲ್ಲಿ ಯಾವ ಹಂಬಲ ಎದ್ದು ಕಾಣುತ್ತದೆ ಅನ್ನುವುದು ಅದರ ವಿಷಯ. ಎಲ್ಲರಿಗೂ ಬೇಕಾದವನಾಗಿರಬೇಕು ಅನ್ನುವ ಮ್ಯಾನೇಜರ್ ಒಬ್ಬೊಬ್ಬರಿಗೆ ಒಂದೊಂದು ರಿಯಾಯಿತಿ ಕೊಡುತ್ತಾ ಹೋಗುತ್ತಾನೆ, ಅದರಿಂದ ಉಳಿದವರಿಗೆ ಅನ್ಯಾಯವಾಯಿತು ಅನ್ನಿಸುತ್ತದೆ, ಅವನ ಕೈಕೆಳಗಿನವರ ಉತ್ಸಾಹವೇ ಕುಗ್ಗುತ್ತದೆ ಅಂತ ಅವರು ಹೇಳಿದರು. ಅಧಿಕಾರದ ಹಂಬಲ ಇದ್ದು, ಅದನ್ನು ತನಗಾಗಿ ಅಲ್ಲದೆ ಸಂಸ್ಥೆಗಾಗಿ ಬಳಸುವವರ ಕೈಕೆಳಗೆ ಜನ ಹೆಚ್ಚು ನೆಮ್ಮದಿಯಾಗಿದ್ದರು ಅಂತಲೂ ಹೇಳಿದರು. ಅಮೆರಿಕದ ಕಂಪನಿಗಳ ಮಾತು ಅದು. ಆದರೆ ಇಲ್ಲೇ ಪಕ್ಕದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ ಒಳಗೂ ನಾನು ಕಂಡದ್ದು ಇದನ್ನೇ.

ಹಾಗಾದರೆ ಕಲ್ಲು ಮನಸ್ಸಿನವರು ಬರಬೇಕಾ ಅಂತ ಕೇಳಬಹುದು. ಬೇಡ. ನಾನು ಹೇಳುತ್ತಿರುವ ಗುಣ ಬೇರೆ. ಅದನ್ನು ಹೇಳುವುದಕ್ಕೆ ನಮ್ಮ ಜಿಲ್ಲೆಯದೇ ಒಂದು ಸಂಗತಿ ಇದೆ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೂ ಒಳಗಾದರು. ಆ ಹೋರಾಟದ ಬೇರಿನಲ್ಲಿದ್ದ ತಕರಾರುಗಳಲ್ಲಿ ಒಂದು, ಗೇಣಿ ಭತ್ತ ಅಳೆಯುವ ಕೊಳಗದ್ದು. ಒಡೆಯನ ಕೊಳಗ ದೊಡ್ಡದು. ಗೇಣಿ ಕೊಡುವುದೇ ಇಲ್ಲ ಅಂತ ಅವತ್ತು ರೈತರು ಶುರು ಮಾಡಲಿಲ್ಲ, ಅಳತೆ ಸರಿಯಾಗಿರಲಿ ಅಂದರು. ಎಚ್‌ಆರ್‌ನಲ್ಲಿ ಉಳಿಯುವವರು ನನ್ನ ಅನುಭವದಲ್ಲಿ ಈ ಜಾತಿಯವರು. ಕೊಳಗ ದೊಡ್ಡದು ಚಿಕ್ಕದು ಆದರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಕೊಳಗ ಹಿಗ್ಗಿಸಿದರೂ ಅಷ್ಟೇ, ಯೂನಿಯನ್ ಮುಖಂಡ ತನ್ನ ಕಡೆಯವರಿಗೆ ಕುಗ್ಗಿಸಿದರೂ ಅಷ್ಟೇ.

ಈ ಕೆಲಸ ಹುಟ್ಟಿದ್ದೂ ಇಂಥ ಕಾರಣಕ್ಕೇ. ಇಂಗ್ಲೆಂಡಿನ ಯಾರ್ಕ್ ಊರಿನ ರೌನ್‌ಟ್ರೀ ಕಾರ್ಖಾನೆಯಲ್ಲಿ 1896ರಲ್ಲಿ ಮೇರಿ ವುಡ್ ಅನ್ನುವ ಹೆಣ್ಣುಮಗಳನ್ನು ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವುದಕ್ಕೆ ನೇಮಿಸಿದರು, ಅಲ್ಲಿಂದ ಶುರು ಅಂತ ಪಠ್ಯದಲ್ಲಿ ಓದುತ್ತೀರಿ. ಅದು ಅವರ ಕಥೆ. ನಮ್ಮ ಕಥೆ ಮೇಸ್ತ್ರಿಯಿಂದ ಶುರುವಾಗುತ್ತದೆ.

ಮೇಸ್ತ್ರಿ ಗೊತ್ತಲ್ಲ? ಮಲೆನಾಡಿನವರಿಗೆ ಗೊತ್ತಿರಬೇಕು. ಕಾಫಿ ತೋಟಕ್ಕೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಆಳುಗಳನ್ನು ಕರೆತರುತ್ತಿದ್ದವನು ಅವನೇ. ಸಾಹುಕಾರರಿಂದ ಮುಂಗಡ ತಂದು ಆಳುಗಳಿಗೆ ಹಂಚುತ್ತಿದ್ದವನು ಅವನು, ಅದರಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಿದ್ದವನೂ ಅವನೇ. ಯಾರಿಗೆ ಕೆಲಸ, ಯಾರಿಗೆ ಇಲ್ಲ ಅನ್ನುವುದು ಅವನ ಬಾಯಲ್ಲಿ. ಮುಂಬೈ ಬಟ್ಟೆ ಗಿರಣಿಗಳಲ್ಲಿ, ಕಲ್ಕತ್ತದ ಸೆಣಬಿನ ಗಿರಣಿಗಳಲ್ಲಿ ಹೆಸರು ಬೇರೆ, ಕೆಲಸ ಇದೇ. ಕಾರ್ಮಿಕರ ಸ್ಥಿತಿಗತಿ ನೋಡುವುದಕ್ಕೆ 1929ರಲ್ಲಿ ಬ್ರಿಟಿಷ್ ಸರ್ಕಾರ ವಿಟ್ಲಿ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಿಸಿತು. 1931ರಲ್ಲಿ ಬಂದ ಅದರ ವರದಿ, ಮೇಸ್ತ್ರಿಗಳ ಕೈಯಿಂದ ಆಳು ತೆಗೆದುಕೊಳ್ಳುವ, ಬಿಡಿಸುವ ಅಧಿಕಾರ ಕಿತ್ತುಕೊಂಡು ಲೇಬರ್ ಆಫೀಸರ್ ಅನ್ನುವವನಿಗೆ ಕೊಡಿ ಅಂತ ಹೇಳಿತು. ನಿಮ್ಮ ಇವತ್ತಿನ ಎಚ್‌ಆರ್ ಎಕ್ಸಿಕ್ಯೂಟಿವ್‌ನ ಮುತ್ತಜ್ಜ ಆ ಲೇಬರ್ ಆಫೀಸರ್. ಲಂಚ, ಜಾತಿ, ಮುಂಗಡದ ಸಾಲ ಈ ಮೂರರಿಂದ ಕೆಲಸ ಅನ್ನುವುದನ್ನು ಬಿಡಿಸಿ ತರುವುದಕ್ಕೆ ಅವನನ್ನು ಕೂರಿಸಿದ್ದು.

ಆಮೇಲೆ 1948ರ ಕಾರ್ಖಾನೆ ಕಾಯ್ದೆ ಬಂತು. ಅದರ 49ನೇ ಕಲಂ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ವೆಲ್ಫೇರ್ ಆಫೀಸರ್ (ಕಾರ್ಮಿಕರ ಯೋಗಕ್ಷೇಮ ನೋಡುವವನು) ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ 29 ಕೇಂದ್ರ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆಯಲ್ಲ, ಅದರಲ್ಲಿ ಈ 500 ಅನ್ನುವುದು 250ಕ್ಕೆ ಇಳಿದಿದೆ. ನಿಮಗೆ ಕೆಲಸದ ದೃಷ್ಟಿಯಿಂದ ಒಳ್ಳೆಯ ಸುದ್ದಿ, ಬರೆದುಕೊಳ್ಳಿ. ಆದರೆ ನನಗೆ ಹೆಚ್ಚು ಸ್ವಾರಸ್ಯ ಕಂಡದ್ದು ಹಳೆಯ ನಿಯಮಗಳಲ್ಲಿ. ವೆಲ್ಫೇರ್ ಆಫೀಸರ್‌ಗೆ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಬರಬೇಕು ಅಂತ ಇತ್ತು. ಅವನು ಕಾರ್ಮಿಕರ ಮೇಲಿನ ಶಿಸ್ತುಕ್ರಮದ ವಿಚಾರಣೆ ನಡೆಸಬಾರದು, ಮ್ಯಾನೇಜ್‌ಮೆಂಟ್ ಪರವಾಗಿ ಅವರ ವಿರುದ್ಧ ಕೋರ್ಟಿನಲ್ಲಿ ನಿಲ್ಲಬಾರದು ಅಂತ ಹಲವು ರಾಜ್ಯಗಳ ನಿಯಮ ಹೇಳುತ್ತಿತ್ತು. ಸಂಬಳ ಕೊಡುವವರು ಮಾಲೀಕರು, ಆದರೆ ನೀನು ಪೂರ್ತಿ ಅವರ ಕಡೆಯವನಲ್ಲ. ಕಾಯ್ದೆ ಬರೆದವರಿಗೆ ಈ ಕುರ್ಚಿಯ ಕಷ್ಟ ಗೊತ್ತಿತ್ತು. ವಾಸ್ತವದಲ್ಲಿ ಬೆಳಗ್ಗೆ ಕ್ಯಾಂಟೀನ್ ಸಾಂಬಾರು ರುಚಿ ನೋಡಿದವನೇ ಮಧ್ಯಾಹ್ನ ಚಾರ್ಜ್‌ಶೀಟ್ ಟೈಪ್ ಮಾಡಿಸುತ್ತಾನೆ, ಅದು ಬೇರೆ ಮಾತು.

ಈಗ ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಗೆ ಹೊಸದಾಗಿ ಹೋಗಿದ್ದೆ. ಹೆಸರು ಬೇಡ. ಟೈಂ ಆಫೀಸಿನ ಬೆಂಚಿನ ಮೇಲೆ ಸಣ್ಣ ವಯಸ್ಸಿನ ಹೆಣ್ಣುಮಗಳು ಕೂತಿದ್ದಳು, ಪಕ್ಕದಲ್ಲಿ ಅವಳ ಭಾವ ನಿಂತಿದ್ದ. ಗಂಡ ನಮ್ಮಲ್ಲಿ ಆಪರೇಟರ್, ಬೈಕ್ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ಡ್ಯೂಟಿಯಲ್ಲಿದ್ದಾಗ ಅಲ್ಲ, ರಜೆಯಲ್ಲಿದ್ದಾಗ. ಒಳಗಿದ್ದ ಕ್ಲರ್ಕ್ ತುಂಬಾ ಒಳ್ಳೆಯ ಮನುಷ್ಯ. ಅವಳಿಗೆ ಟೀ ತರಿಸಿದ್ದ, ಬಸ್ ಚಾರ್ಜಿಗೆ ಅಂತ ತನ್ನ ಜೇಬಿನಿಂದ ದುಡ್ಡೂ ಕೊಟ್ಟಿದ್ದ. ಕೊಟ್ಟು, "ಐದು ವರ್ಷ ಆಗಿಲ್ಲಮ್ಮ, ಗ್ರಾಚ್ಯುಟಿ ಬರಲ್ಲ, ಪಿಎಫ್ ಮಾತ್ರ ಬರುತ್ತೆ" ಅಂತ ಹೇಳಿ ಕಳಿಸುವುದರಲ್ಲಿದ್ದ.

ಫೈಲ್ ತರಿಸಿ ನೋಡಿದೆ. ಸರ್ವಿಸ್ ನಾಲ್ಕು ವರ್ಷ ಎಂಟು ತಿಂಗಳು. ಗ್ರಾಚ್ಯುಟಿಗೆ, ಅಂದರೆ ಸರ್ವಿಸ್ ಮುಗಿದಾಗ ಮಾಲೀಕರು ಕೊಡಬೇಕಾದ ಹಣಕ್ಕೆ, ಐದು ವರ್ಷ ಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ನೌಕರ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ ಅಂತ ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯಲ್ಲಿ ಅದೇ ಕಲಮಿನಲ್ಲಿ, ಎರಡು ಸಾಲು ಕೆಳಗೆ ಇತ್ತು. ಆರು ತಿಂಗಳು ದಾಟಿದ ಭಾಗವನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು ಅಂತಲೂ ಇತ್ತು. ಅಂದರೆ ಐದು ವರ್ಷ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಕೊನೆಯ ತಿಂಗಳು 15,600 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 600. ಒಂದು ವರ್ಷದ ಸರ್ವಿಸಿಗೆ ಹದಿನೈದು ದಿನದ ಸಂಬಳ, ಅಂದರೆ 9,000. ಐದು ವರ್ಷಕ್ಕೆ 45,000.

ಪಿಎಫ್ ಫೈಲಿನಲ್ಲಿ ಇನ್ನೊಂದು ತೊಡಕು. ಸೇರುವಾಗ ಹುಡುಗನಿಗೆ ಮದುವೆ ಆಗಿರಲಿಲ್ಲ, ಅಪ್ಪ ಅಮ್ಮ ಇರಲಿಲ್ಲ, ನಾಮಿನಿ ಜಾಗದಲ್ಲಿ ಅಣ್ಣನ ಹೆಸರು ಬರೆದಿದ್ದ. ಅಣ್ಣ ಅಂದರೆ ಅಲ್ಲೇ ನಿಂತಿದ್ದಾನಲ್ಲ, ಅವನು. "ನನ್ನ ಹೆಸರಲ್ಲೇ ಇದೆಯಲ್ಲ ಸಾರ್, ನಾನೇ ತಗೊಂಡು ಅವಳಿಗೆ ಕೊಡ್ತೀನಿ" ಅಂದ. ಕೊಡುತ್ತಿದ್ದನೋ ಏನೋ, ಅವನ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೆ ಮದುವೆಯಾಗಿ ಸಂಸಾರ ಆದ ಕೂಡಲೇ ಅಂಥ ನಾಮಿನೇಷನ್ ತಾನಾಗೇ ಬಿದ್ದುಹೋಗುತ್ತದೆ. ಅದನ್ನು ಹೇಳಿದಾಗ ಅವನ ಮುಖ ಗಟ್ಟಿಯಾಯಿತು. ಅವಳು ಏನೂ ಮಾತಾಡಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ನಾಡಕಚೇರಿಯಿಂದ ವಂಶವೃಕ್ಷ ತರಿಸಿದೆವು, ಮರಣ ಪತ್ರ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಸೇರಿಸಿ ಅವಳ ಹೆಸರಿನಲ್ಲಿ ಕ್ಲೇಮ್ ಹಾಕಿದೆವು. ಪಿಎಫ್ ಹಣ, ವಿಧವಾ ಪಿಂಚಣಿ, ಅದರ ಜೊತೆ ಇಡಿಎಲ್‌ಐ ವಿಮೆ. ಒಂದು ವರ್ಷಕ್ಕಿಂತ ಹೆಚ್ಚು ಸತತವಾಗಿ ದುಡಿದವನು ಸರ್ವಿಸಿನಲ್ಲಿರುವಾಗ ತೀರಿಕೊಂಡರೆ ಈಗ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ ಬರುತ್ತದೆ. ಅವಳು ಬಾಯಿ ಬಿಟ್ಟದ್ದು ಆಗ: "ಇನ್ಶೂರೆನ್ಸು ನಾವು ಯಾವತ್ತೂ ಕಟ್ಟಿಲ್ಲವಲ್ಲ ಸಾರ್?" ಕಟ್ಟಬೇಕಾಗಿಲ್ಲಮ್ಮ, ಅದನ್ನು ಕಾರ್ಖಾನೆಯವರೇ ಕಟ್ಟುತ್ತಾರೆ ಅಂತ ಹೇಳುವುದಕ್ಕೆ ಯಾರಾದರೂ ಒಬ್ಬರು ಅಲ್ಲಿರಬೇಕಿತ್ತು.

ಈ ಘಟನೆಯಲ್ಲಿ ನಿಜವಾಗಿ ಜನ ಅಂದರೆ ಇಷ್ಟ ಇದ್ದವನು ಆ ಕ್ಲರ್ಕ್. ಕರುಣೆ ಅವನಲ್ಲಿ ನನಗಿಂತ ಜಾಸ್ತಿ ಇತ್ತು. ಆದರೆ ಆ ಕಲಮನ್ನು ಪೂರ್ತಿ ಓದುವಷ್ಟು ತಳಮಳ ಅವನಿಗೆ ಆಗಿರಲಿಲ್ಲ. ಟೀ ಕುಡಿಸಿದ ಕೂಡಲೇ ಅವನ ಮನಸ್ಸು ಹಗುರ ಆಗಿತ್ತು. ನನ್ನ ಕೆಲಸದಲ್ಲಿ ನಾನು ತುಂಬಾ ಹೆದರುವುದು ಇಂಥ ಹಗುರವಾಗುವ ಮನಸ್ಸಿಗೇ.

ಇನ್ನು ಅಧಿಕಾರ. ಎಚ್‌ಆರ್‌ಗೆ ಬರುವವರಲ್ಲಿ ಅಧಿಕಾರದ ಆಸೆಗೆ ಬರುವವರಿಲ್ಲ ಅಂದರೆ ಸುಳ್ಳು. ಶಿವಮೊಗ್ಗದಂಥ ಊರಲ್ಲಿ ಕೆಲಸ ಕೊಡಿಸುವ ಕುರ್ಚಿಯಲ್ಲಿ ಕೂತವನಿಗೆ ಸಿಗುವ ನಮಸ್ಕಾರವೇ ಬೇರೆ. ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವಾಗಲೂ ಯಾರೋ ಬಂದು ಚೀಲ ಹಿಡಿದುಕೊಳ್ಳುತ್ತಾರೆ. ಫೋನುಗಳು ಬರುತ್ತವೆ. ರಾಜಕೀಯದವರ ಫೋನ್ ಸುಲಭ, ಅವರಿಗೆ ನಯವಾಗಿ ಏನು ಹೇಳಬೇಕು ಅಂತ ಎಲ್ಲರೂ ಬೇಗ ಕಲಿಯುತ್ತಾರೆ. ಕಷ್ಟ ಇರುವುದು ಮನೆಯವರದು. ನಮ್ಮ ಸೋದರಮಾವ ತೀರ್ಥಹಳ್ಳಿ ಕಡೆಯಿಂದ ಫೋನ್ ಮಾಡಿ, "ಅಳಿಯಾ, ಎಂತದೋ ನಿಂದು, ಒಂದು ಹುಡುಗಂಗೆ ಕೆಲಸ ಕೊಡ್ಸಕ್ಕೆ ಆಗದಿಲ್ಲನಾ ನಿನ್ನ ಕೈಯಲ್ಲಿ?" ಅಂದರೆ ಏನು ಹೇಳುತ್ತೀರಿ? ನಾನು ಹೇಳಿದ್ದು ಇಷ್ಟೇ: "ಅರ್ಜಿ ಹಾಕ್ಸಿ ಮಾವ, ಎಲ್ಲರ ಜೊತೆ ಟ್ರೇಡ್ ಟೆಸ್ಟಿಗೆ ಕೂರಲಿ." ಮಾವ ಆ ವರ್ಷ ದೀಪಾವಳಿಗೆ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಇಂಥ ಮುನಿಸು ತಡೆದುಕೊಳ್ಳಲಾರದವರು ಈ ಕುರ್ಚಿಯಲ್ಲಿ ಮತ್ತೆ ಮೇಸ್ತ್ರಿಯೇ ಆಗುತ್ತಾರೆ. ಹೊಸ ಶರ್ಟು, ಕೊರಳಲ್ಲಿ ಐಡಿ ಕಾರ್ಡು ಇರುವ ಮೇಸ್ತ್ರಿ. ಒಂದೇ ಊರಿನವರು, ಒಂದೇ ಜಾತಿಯವರು ಒಂದೇ ಲೈನಿನಲ್ಲಿ ತುಂಬಿಕೊಂಡಿರುವ ಕಾರ್ಖಾನೆಗಳನ್ನು ನಾನು ನೋಡಿದ್ದೇನೆ. ಯಾರನ್ನೂ ಕೇಳಬೇಕಾಗಿಲ್ಲ, ಹಾಜರಿ ಪಟ್ಟಿಯ ಹೆಸರುಗಳೇ ಹೇಳುತ್ತವೆ.

ಅಧಿಕಾರದ ಆಸೆ ಕೆಟ್ಟದ್ದು ಅಂತ ಮಾತ್ರ ನಾನು ಹೇಳುವುದಿಲ್ಲ. ಸ್ವಲ್ಪವೂ ಇಲ್ಲದವರು ಪ್ರೊಡಕ್ಷನ್ ಮ್ಯಾನೇಜರ್ ಎದುರು ಬಾಯಿ ಬಿಡುವುದಿಲ್ಲ. ಓವರ್‌ಟೈಮಿಗೆ ಡಬಲ್ ರೇಟ್ ಕೊಡಲೇಬೇಕು ಸರ್, ಅಂತ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳುವುದಕ್ಕೆ ಒಂದು ಬಗೆಯ ಹಟ ಬೇಕು.

ಮಲೆನಾಡಿನಲ್ಲಿ ಈ ಕೆಲಸ ಮಾಡುವುದರ ಒಂದು ಸುಖದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಹಾಜರಾತಿ ಅರ್ಥ ಆಗಬೇಕಾದರೆ ಊರು ಅರ್ಥ ಆಗಬೇಕು. ಅಕ್ಟೋಬರ್ ಬಂತು ಅಂದರೆ ಅಡಿಕೆ ಕೊಯ್ಲು. ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಗಾಡಿ ಹಳ್ಳಿಗೆ ಬರುತ್ತದೆ. ಅಡಿಕೆ ಸುಲಿಯುವುದಕ್ಕೆ ಹೆಂಗಸರು ಬೇಕು. ಸುಲಿದಷ್ಟಕ್ಕೆ ಕೂಲಿ, ದುಡ್ಡು ಬೇಗ ಕೈಗೆ ಬರುತ್ತದೆ, ಮೆಟ್ಟುಗತ್ತಿ ಮುಂದೆ ಕೂತು ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಮಾಡಬಹುದು, ಸೂಪರ್‌ವೈಸರ್ ಬಂದು ಕೂಗುವುದಿಲ್ಲ. ಗಾರ್ಮೆಂಟ್ ಲೈನಿನಲ್ಲಿ ಮೆಷಿನ್‌ಗಳು ಖಾಲಿ. ಹೊರಗಿನಿಂದ ಬಂದ ಮ್ಯಾನೇಜರ್ "ಈ ಊರಿನ ಜನಕ್ಕೆ ಶಿಸ್ತಿಲ್ಲ" ಅನ್ನುತ್ತಾನೆ. ಆಬ್ಸೆಂಟ್ ಆದವರಿಗೆಲ್ಲ ಮೆಮೊ ಕೊಡಿ ಅನ್ನುತ್ತಾನೆ. ಊರು ಗೊತ್ತಿರುವ ಎಚ್‌ಆರ್ ಮೆಮೊ ಬದಲು ಆಗಸ್ಟಿನಲ್ಲೇ ಕ್ಯಾಲೆಂಡರ್ ಹಿಡಿದುಕೊಂಡು ಪ್ಲಾನಿಂಗ್‌ನವರ ಹತ್ತಿರ ಹೋಗಿರುತ್ತಾನೆ.

ಹಬ್ಬದ ರಜೆಯ ಸಂಗತಿಯೂ ಹಾಗೇ. ನಮ್ಮ ರಾಜ್ಯದ 1963ರ ಕಾಯ್ದೆ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಬಿಟ್ಟು ಇನ್ನೈದು ಹಬ್ಬಕ್ಕೆ ಸಂಬಳ ಸಹಿತ ರಜೆ. ಯಾವ ಐದು? ಯುಗಾದಿ, ಗಣಪತಿ ಹಬ್ಬ, ಆಯುಧ ಪೂಜೆ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ಅಂತ ಬರೆಯುತ್ತಾ ಹೋದರೆ ಅಲ್ಲೇ ಆರಾಯಿತು. ಒಮ್ಮೆ ಕಾರ್ಮಿಕರ ಪ್ರತಿನಿಧಿಗಳ ಜೊತೆ ಈ ಪಟ್ಟಿ ಮಾಡುತ್ತಿದ್ದಾಗ ಹಿಂದೆ ಕೂತಿದ್ದ ಸೊರಬದ ಕಡೆಯ ಹೆಂಗಸು, "ಭೂಮಿ ಹುಣ್ಣಿಮೆಗೆ ಕೊಡದಿಲ್ಲನಾ ಸಾರ್?" ಅಂದಳು. ಹೊರಗಿನವರು ಯಾರಿಗೂ ಅರ್ಥ ಆಗಲಿಲ್ಲ. ಅದು ಫಸಲು ನಿಂತ ಗದ್ದೆಗೆ ಪೂಜೆ ಮಾಡುವ ಹಬ್ಬ. ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತುಕೊಂಡು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಗೆ ಎಡೆ, ಚೆಲ್ಲಬೇಕು. ಅಷ್ಟು ಮಾಡಿದವಳು ಎಂಟು ಗಂಟೆಗೆ ಬಂದು ಕಾಲರ್ ಹೊಲಿಯುತ್ತಾಳಾ? ಆ ದಿನ ಲೈನಿನಲ್ಲಿ ಅರ್ಧ ಜನ ಯಾಕೆ ಇರುತ್ತಿರಲಿಲ್ಲ ಅನ್ನುವುದು ಆಗ ಬೆಂಗಳೂರಿನಿಂದ ಬಂದಿದ್ದವರ ತಲೆಗೆ ಹೋಯಿತು. ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಬದಲಿಗೆ ಒಂದು ಭಾನುವಾರ ಕೆಲಸ ಮಾಡಿ ಆ ದಿನ ಬಿಡುವು ತೆಗೆದುಕೊಳ್ಳುವ ಏರ್ಪಾಡು ಮಾಡಿದೆವು. ಹಿಂಗೆ ಮಾಡಿದ್ದಕ್ಕೆ ಅಪ್ರೈಸಲ್‌ನಲ್ಲಿ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ಆದರೆ ಆ ದಿನ ಸಂಜೆ ಬೈಕ್ ಓಡಿಸಿಕೊಂಡು ಮನೆಗೆ ಬರುವಾಗ ನನಗೆ ಒಳ್ಳೆಯ ಹಸಿವಾಗಿತ್ತು.

ಮಾರ್ಕ್ಸ್ ಮಾತು ಬಂತಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ 1959ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟ. ಸಂಬಳ, ಕಂಪನಿಯ ನಿಯಮ, ಮೇಲಿನವರ ನಡವಳಿಕೆ ಇವು ಕೆಟ್ಟರೆ ಜನಕ್ಕೆ ಬೇಸರ. ಸರಿಯಿದ್ದರೆ ಬೇಸರ ಇಲ್ಲ ಅಷ್ಟೇ, ಖುಷಿಯೇನೂ ಅಲ್ಲ. ಖುಷಿ ಬರುವುದು ಮಾಡಿ ಮುಗಿಸಿದ ಕೆಲಸದಿಂದ, ಅದನ್ನು ನಾಲ್ಕು ಜನ ಗುರುತಿಸಿದ್ದರಿಂದ ಅಂದ. ಈ ಸಿದ್ಧಾಂತವನ್ನು ಎಚ್‌ಆರ್‌ನವರು ಎಲ್ಲರಿಗೂ ಪಾಠ ಮಾಡುತ್ತಾರೆ. ತಮಗೆ ಹಚ್ಚಿಕೊಂಡು ನೋಡಿದವರನ್ನು ನಾನು ಕಂಡಿಲ್ಲ. ಸರಿಯಾಗಿ ಯೋಚಿಸಿ: ಹರ್ಜ್‌ಬರ್ಗ್ ಹೇಳಿದ ಬೇಸರದ ಪಟ್ಟಿ ಇದೆಯಲ್ಲ, ಅದರಲ್ಲಿ ಹೆಚ್ಚಿನದು ಎಚ್‌ಆರ್‌ನವರದೇ ಕೆಲಸ. ಸಂಬಳ ಏಳನೇ ತಾರೀಕಿಗೆ ಸರಿಯಾಗಿ ಬಿತ್ತು ಅಂತ ಯಾರಾದರೂ ಬಂದು ಥ್ಯಾಂಕ್ಸ್ ಹೇಳಿದ್ದುಂಟಾ? ಒಂದು ದಿನ ತಡವಾಗಲಿ, ನೋಡಿ. ನೀವು ಚೆನ್ನಾಗಿ ಮಾಡಿದ ದಿನ ಏನೂ ಆಗಿರುವುದಿಲ್ಲ. ಹೊಗಳಿಕೆ ಬೇಕು ಅನ್ನುವವರು ದಯವಿಟ್ಟು ಸೇಲ್ಸಿಗೆ ಹೋಗಿ, ಅಲ್ಲಿ ತಿಂಗಳಿಗೊಮ್ಮೆ ಚಪ್ಪಾಳೆ ಇದೆ.

ದಿನದ ಕೆಲಸದಲ್ಲಿ ಎಷ್ಟು ಪಾಲು ಬರೀ ಹೆಸರಿನ ಅಕ್ಷರ ಸರಿಮಾಡುವುದು ಅಂತ ನಿಮಗೆ ಗೊತ್ತಿಲ್ಲ. ಮಂಜುನಾಥ ಅಂತ ಇದ್ದಾನೆ. ಆಧಾರ್‌ನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಒಂದು, ಶಾಲೆ ಟಿಸಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಅಪ್ಪನ ಹೆಸರು ಹಿಂದೆ, ಪಿಎಫ್‌ನಲ್ಲಿ ಊರಿನ ಇನಿಷಿಯಲ್ ಮುಂದೆ. ಮಗಳ ಮದುವೆಗೆ ಅಡ್ವಾನ್ಸ್ ಕೇಳಿದರೆ ಕ್ಲೇಮ್ ರಿಜೆಕ್ಟ್. ನೌಕರ, ಮಾಲೀಕ ಇಬ್ಬರೂ ಸೇರಿ ಕೊಡುವ ಜಾಯಿಂಟ್ ಡಿಕ್ಲರೇಷನ್ ಹಾಕಿ, ದಾಖಲೆ ಜೋಡಿಸಿ, ಮತ್ತೆ ಕಳಿಸಬೇಕು. ಮೋಟಿವೇಷನ್ ಬಗ್ಗೆ ಸ್ಲೈಡ್ ಮಾಡುವುದು ಎಲ್ಲರಿಗೂ ಇಷ್ಟ, ಮಂಜುನಾಥನ ಸ್ಪೆಲಿಂಗ್ ಸರಿಮಾಡುವುದು ಯಾರಿಗೂ ಬೇಡ. ಆದರೆ ಮದುವೆ ಮುಹೂರ್ತ ಸ್ಲೈಡಿಗೆ ಕಾಯುವುದಿಲ್ಲ.

ಜನರನ್ನು ಕೆಲಸದಿಂದ ತೆಗೆಯುವ ಬಗ್ಗೆ ಮಾತಾಡದೆ ಮುಗಿಸಿದರೆ ಮೋಸ ಆಗುತ್ತದೆ. ನಮ್ಮ ಪಕ್ಕದ ಭದ್ರಾವತಿಯನ್ನು ನೋಡಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್‌ಎಲ್), 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ (ಎಂಪಿಎಂ). ಎರಡು ಸೈರನ್‌ಗಳ ಸದ್ದಿಗೆ ಒಂದು ಊರು ಏಳುತ್ತಿತ್ತು, ಮಲಗುತ್ತಿತ್ತು. ಎಂಪಿಎಂನಲ್ಲಿ ಸುಮಾರು 2015ರ ಹೊತ್ತಿಗೆ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನದ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇಂಥ ತೀರ್ಮಾನ ಮಾಡುವವರು ಎಚ್‌ಆರ್‌ನವರಲ್ಲ, ಬೇರೆ ಊರಲ್ಲಿ, ಬೇರೆ ಕಾರಣಕ್ಕೆ ಅದು ಆಗಿರುತ್ತದೆ. ಆದರೆ ಯಾವ ಕಾರ್ಖಾನೆಯಲ್ಲೇ ಆಗಲಿ, ಪತ್ರ ಕೈಗೆ ಕೊಡುವವರು ನಾವು. ಕೊಡುವ ದಿನ ಯಾವ ಮನುಷ್ಯನಿಗೂ ಕೈ ನಡುಗದೆ ಇರುವುದಿಲ್ಲ. ನಡುಗದೇ ಇರುವವರನ್ನು ನಾನು ಇಬ್ಬರು ಮೂವರನ್ನು ಕಂಡಿದ್ದೇನೆ, ಅವರ ಜೊತೆ ಊಟಕ್ಕೆ ಕೂರುವುದಿಲ್ಲ. ಆ ದಿನ ನಮ್ಮ ಕೈಯಲ್ಲಿ ಇರುವುದು ಇಷ್ಟೇ: ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆಯಾಗದಂತೆ ನೋಡುವುದು, ನೋಟಿಸ್ ಅವಧಿ ತಿನ್ನದಂತೆ ನೋಡುವುದು, ಗುತ್ತಿಗೆದಾರ ಪಿಎಫ್ ಕಟ್ಟಿದ್ದಾನೋ ಇಲ್ಲವೋ ಅಂತ ಚಲನ್ ತೆಗೆಸಿ ನೋಡುವುದು. ಕೊನೆಯದು ತುಂಬಾ ಮುಖ್ಯ, ಯಾಕೆಂದರೆ ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನದೇ ಹೊಣೆ. ಇದನ್ನು ನೆನಪಿಸಿದಾಗ ನಿಮ್ಮ ಮೇಲೆ ಯಾರಿಗೂ ಪ್ರೀತಿ ಉಕ್ಕುವುದಿಲ್ಲ.

ಮಾತು ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ಇರಬೇಕಾ ಅಂತ ಒಬ್ಬ ಹುಡುಗ ಕೇಳಿದ. ಸಂಬಳ ಅಲ್ಲಿ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮೊದಲ ಮೂರು ವರ್ಷ ರೆಕ್ರೂಟರ್ ಅಂತ ಫೋನ್ ಹಿಡಿದುಕೊಂಡೇ ಕಳೆಯುತ್ತದೆ, ರೆಸ್ಯೂಮೆ ಸೋಸುವ ಆ ಕೆಲಸವನ್ನು ಸಾಫ್ಟ್‌ವೇರ್ ಈಗಾಗಲೇ ಅರ್ಧ ನುಂಗಿದೆ. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಎಚ್‌ಆರ್ ಅಂತ ಸೇರಿದರೆ ಗೇಟ್ ಪಾಸ್‌ನಿಂದ ಹಿಡಿದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಷನ್‌ವರೆಗೆ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಮೊದಲು ಇಲ್ಲಿ ಎರಡು ವರ್ಷ ಮಾಡಿ, ಆಮೇಲೆ ಹೋಗಿ ಅಂತ ಹೇಳಿದೆ.

ಎರಡನೇ ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದು. "ಸರ್, ಮ್ಯಾನೇಜ್‌ಮೆಂಟ್‌ನವರೇ ತಪ್ಪು ಮಾಡು ಅಂದ್ರೆ ಏನು ಮಾಡೋದು?" ಹಾಲ್‌ನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಮೊದಲು ಬಾಯಲ್ಲಿ ಹೇಳಮ್ಮ ಅಂದೆ, ಒಬ್ಬರೇ ಇರುವಾಗ, ಅವರಿಗೆ ಅವಮಾನ ಆಗದ ಹಾಗೆ. ಎಷ್ಟೋ ಸಲ ಅವರಿಗೆ ಕಾಯ್ದೆ ಗೊತ್ತಿರುವುದಿಲ್ಲ, ಗೊತ್ತಾದರೆ ಸುಮ್ಮನಾಗುತ್ತಾರೆ. ಸುಮ್ಮನಾಗದಿದ್ದರೆ ಬರೆದು ಕೊಡು, ಕಲಮಿನ ಸಂಖ್ಯೆ ಹಾಕಿ, ದಂಡ ಎಷ್ಟು ಅನ್ನುವುದನ್ನೂ ಸೇರಿಸಿ, ಒಂದು ಪುಟ ಮೀರದ ಹಾಗೆ. ಬರೆದದ್ದನ್ನು ಓದಿದ ಮೇಲೆ ಮನಸ್ಸು ಬದಲಾಯಿಸಿದವರು ಬಹಳ ಜನ ಇದ್ದಾರೆ. ಅದಕ್ಕೂ ಕೇಳದೆ ಸುಳ್ಳು ರಿಜಿಸ್ಟರಿಗೆ ಸಹಿ ಹಾಕು ಅಂದರೆ ಹಾಕಬೇಡ, ಬೇರೆ ಕೆಲಸ ಹುಡುಕಿಕೋ. ಅಷ್ಟು ಧೈರ್ಯ ಬರಬೇಕಾದರೆ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಬೇಕು. ಕೆಲಸ ಸಿಕ್ಕಿದ ಮೊದಲ ವರ್ಷ ಕಾರಿನ ಸಾಲ ಮಾಡಬೇಡಿ.